ಸಿಟ್ಟಿಗೊಂದು ಪಾತ್ರ

ಕಳೆದ ವಾರ ಮಾತು ಕೊಟ್ಟಂತೆ ಇಂದು ಮಾನಸಪೂಜೆಯ ಬಗ್ಗೆ ಬರೆಯಬೇಕು. ನನಗೆ ಪ್ರಿಯವಾದ ಪೂಸಲಾರ್ ನಾಯನಾರರ ಕಥೆಯಿಂದಲೇ ಶುರುಮಾಡುತ್ತೇನೆ. ತಿರುನಿನ್ರವೂರಿನ ಈ ಬಡ ಭಕ್ತನಿಗೆ ಶಿವನಿಗೊಂದು ಗುಡಿ ಕಟ್ಟುವ ಹಂಬಲ. ಕೈಯಲ್ಲಿ ಕಾಸಿಲ್ಲ. ಮನಸ್ಸಿನಲ್ಲೇ ಪಾಯ ತೆಗೆದ, ಕಲ್ಲು ಕೆತ್ತಿಸಿದ, ಶಿಖರ ಏರಿಸಿದ, ಪ್ರತಿಷ್ಠೆಗೆ ಮುಹೂರ್ತವನ್ನೂ ಇಟ್ಟ. ಅದೇ ದಿನ ಕಂಚಿಯಲ್ಲಿ ಪಲ್ಲವ ರಾಜನ ಕಲ್ಲಿನ ಗುಡಿಗೂ ಮುಹೂರ್ತ. ಶಿವ ರಾಜನ ಕನಸಿಗೆ ಬಂದು, ತಾನು ಪೂಸಲಾರನ ಗುಡಿಗೆ ಹೋಗಬೇಕಿದೆ, ನಿನ್ನ ಕಾರ್ಯವನ್ನು ಮುಂದಕ್ಕೆ ಹಾಕು ಎಂದನಂತೆ. 12ನೇ ಶತಮಾನದ ಸೇಕ್ಕಿಳಾರ್ ‘ಪೆರಿಯ ಪುರಾಣ’ದಲ್ಲಿ ಹೇಳಿದ ಕಥೆಯಿದು.

ನಮ್ಮ ಮುಂಬೈಯ ಗೋರೆಗಾಂವ್‌ನಲ್ಲೂ ಕಲ್ಪನೆಯ ಗುಡಿಗಳಿಗೆ ಬರವಿಲ್ಲ. 1977ರಲ್ಲಿ ಚಿತ್ರನಗರಿ ಆದಂದಿನಿಂದ ಪ್ಲೈವುಡ್ಡು, ಪ್ಲಾಸ್ಟರಿನ ಗೋಪುರಗಳು ಇಲ್ಲಿ ಏಳುತ್ತವೆ, ಚಿತ್ರೀಕರಣ ಮುಗಿದರೆ ಬೀಳುತ್ತವೆ. ಪೂಸಲಾರ್ ಮಾತ್ರ ಪಾಯದಿಂದ ಶಿಖರದವರೆಗೆ ಒಂದೊಂದು ಕಲ್ಲನ್ನೂ ಕ್ರಮ ತಪ್ಪದೆ ಇಟ್ಟ. ಹಗಲುಗನಸಿಗೆ ಇಲ್ಲದ ಈ ಶಿಸ್ತಿನಿಂದಲೇ ಕಲ್ಪನೆ ಸಾಧನೆಯಾಗುತ್ತದೆ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಭಕ್ತಿ. ಸಂಸಾರಿಗಳಾದ ನಮ್ಮೊಳಗೆ ಅವಮಾನ, ಹೊಟ್ಟೆಕಿಚ್ಚು, ದಾಯಾದಿ ದ್ವೇಷವೂ ಇವೆ. ಇವುಗಳಿಂದ ಏನು ಕಟ್ಟುವುದು? ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಲೇಖನಿ, ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯತ್ತ ತಿರುಗುತ್ತದೆ. ಮಾನಸಪೂಜೆ ಮುಂದಿನ ವಾರಕ್ಕಿರಲಿ.

ಸಿಟ್ಟನ್ನು ಉಸಿರಿನೊಡನೆ ಹೊರಗೆ ಬಿಡಿ, ನೀಲಿ ಕಡಲನ್ನು ಕಣ್ಮುಂದೆ ತಂದುಕೊಳ್ಳಿ ಎನ್ನುವ ವಾರಾಂತ್ಯದ ಶಿಬಿರಗಳು ಈಗ ಮುಂಬೈಯಲ್ಲಿ ಬೇಕಾದಷ್ಟಿವೆ. ಈ ದಾರಿಯ ಬಗ್ಗೆ ನನಗೆ ಹಳೆಯ ತಕರಾರಿದೆ. ಭಾನುವಾರ ಕಡಲು ಕಂಡ ಮನಸ್ಸು ಸೋಮವಾರ ಚರ್ಚ್‌ಗೇಟ್ ಲೋಕಲ್ ಹತ್ತುವ ಹೊತ್ತಿಗೆ ಮತ್ತೆ ಕುದಿಯುತ್ತಿರುತ್ತದೆ. ಏಕೆಂದರೆ ಸಿಟ್ಟಿಗೆ ತನ್ನ ಮಾತನ್ನು ಪೂರ್ತಿ ಆಡಲು ಯಾರೂ ಬಿಡಲಿಲ್ಲ.

ತಾಳಮದ್ದಳೆ ಬಿಡುತ್ತದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಕೂಟಗಳು ನಮ್ಮ ಕಡೆಗೂ ಬರುತ್ತವಲ್ಲ, ಅಂಥದೊಂದು ಹವ್ಯಾಸಿ ಕೂಟ ಗೋರೆಗಾಂವ್‌ನಲ್ಲಿ ನಡೆದಿತ್ತು. ಪ್ರಸಂಗ ‘ವಾಲಿವಧೆ’. ಸುಗ್ರೀವನ ಅರ್ಥ ಹೇಳಿದವರು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಊರಿನ ಜಾಗದ ಪಾಲಿನ ವಿಷಯದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದರು. ರಾಮನೆದುರು ದೂರು ಹೇಳುವಾಗ ಅವರ ಮಾತು ಹೊಳೆಯಾಗಿ ಹರಿಯಿತು. ಗುಹೆಯ ಬಾಯಿಗೆ ಬಂಡೆ ಇಟ್ಟದ್ದಕ್ಕೆ ಅಣ್ಣ ತಪ್ಪು ತಿಳಿದದ್ದು, ರಾಜ್ಯದಿಂದ ಅಟ್ಟಿದ್ದು, ರುಮೆಯನ್ನು ಸೆಳೆದುಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಬಾಣ ತಗಲಿ ವಾಲಿ ಬಿದ್ದ. ಇನ್ನು ಸುಗ್ರೀವ ಮರುಗಬೇಕು. ಇವರ ಬಾಯಿ ಕಟ್ಟಿತು. ಭಾಗವತರು ಮುಂದಿನ ಪದ ಎತ್ತಲಿಲ್ಲ. ಶ್ರುತಿ ಮಾತ್ರ ನಡೆದಿತ್ತು, ಮದ್ದಳೆಯವರು ಮದ್ದಳೆಯ ಮೇಲೆ ಕೈಯಿಟ್ಟು ಕಾದರು. ಎದುರಿದ್ದ ಹಿರಿಯರು ವಾಲಿಯಾಗಿ ಮೈಕಿಗೆ ಬಾಗಿ, ‘ತಮ್ಮಾ, ಈ ಚಿನ್ನದ ಸರ ತಕ್ಕೋ. ಅಂಗದನನ್ನು ನೋಡಿಕೋ. ನಮ್ಮಿಬ್ಬರ ಲೆಕ್ಕ ಇಲ್ಲಿಗೆ ಮುಗಿಯಲಿ’ ಎಂದರು. ಆಗ ಸುಗ್ರೀವನಿಗೆ ಮಾತು ಬಂತು: ‘ಅಣ್ಣಾ, ನಿನ್ನನ್ನು ಕೊಲ್ಲು ಎಂದು ಬೇಡಿಕೊಂಡವನು ನಾನೇ. ನೀನಿಲ್ಲದ ಕಿಷ್ಕಿಂಧೆ ಹೇಗಿರುತ್ತದೆ ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.’

ಕಷ್ಟದ ಭಾವಗಳಿಗೆ ಕಲ್ಪನೆ ಮಾಡುವ ಉಪಕಾರ ಇದೇ: ದ್ವೇಷವನ್ನು ಅದರ ಕೊನೆಯವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಏನಿದೆ ಎಂದು ತೋರಿಸುತ್ತದೆ. ಭಾವಕ್ಕೆ ಅಂಟಿದ ‘ನನ್ನದು, ಅವನದು’ ಎಂಬ ಹಕ್ಕು ಸಡಿಲವಾಗುವುದನ್ನು ಭಟ್ಟನಾಯಕ, ಅಭಿನವಗುಪ್ತರು ಸಾಧಾರಣೀಕರಣ ಎಂದರು. ಅವರ ಮಾತು ಸಹೃದಯನನ್ನು ಕುರಿತದ್ದು. ಅರ್ಥಧಾರಿಗೂ ಅದು ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಮನೆಯಲ್ಲಿ ಒಬ್ಬನೇ ಕೂತು ಅಣ್ಣನೊಡನೆ ಜಗಳ ಕಲ್ಪಿಸಿಕೊಂಡರೆ ಎರಡು ಕಡೆಯ ಮಾತೂ ನಮ್ಮದೇ, ಗೆಲುವೂ ನಮ್ಮದೇ. ಕೂಟದಲ್ಲಿ ಎದುರಿನವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಆ ಉತ್ತರಕ್ಕೆ ಕಿವಿಗೊಟ್ಟೇ ಮುಂದಿನ ಮಾತು ಹುಟ್ಟಬೇಕು.

ಅದಕ್ಕೇ ತರ್ಕವೊಂದನ್ನೇ ಮೆರೆಸುವ ಅರ್ಥಗಾರಿಕೆಯ ಮೇಲೆ ನನ್ನ ಆಕ್ಷೇಪ. ವಾಲಿ ಬಿದ್ದ ಮೇಲೂ ಎದುರಾಳಿಯ ಬಾಯಿ ಮುಚ್ಚಿಸಲು ಶಾಸ್ತ್ರದ ಪಾಯಿಂಟು ಹಾಕುತ್ತ ಹೋದರೆ ಚಪ್ಪಾಳೆ ಸಿಗಬಹುದು, ಪಾತ್ರ ಸಿಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ. ಶೇಣಿಯವರು ತರ್ಕದಲ್ಲಿ ಪ್ರಚಂಡರು, ನಿಜ. ಅವರು ಅದನ್ನು ಬಳಸಿದ್ದು ರಾವಣ, ವಾಲಿ, ಮಾಗಧರ ಎದೆಯೊಳಗೂ ಒಂದು ನ್ಯಾಯವಿದೆ ಎಂದು ಕಾಣಿಸಲಿಕ್ಕೆ.

ಗಲ್ಲಾದ ಆ ಹವ್ಯಾಸಿ ಮರುವರ್ಷ ವಾಲಿಯ ಅರ್ಥವನ್ನೇ ಕೇಳಿ ಪಡೆದರು. ಜಾಗದ ದಾವೆ ಇನ್ನೂ ನಡೆಯುತ್ತಿದೆ. ಅಣ್ಣನ ಕಡೆಯ ಮಾತನ್ನು ಮಾತ್ರ ಅವರು ಒಮ್ಮೆ ತಮ್ಮ ಬಾಯಿಂದಲೇ ಹೇಳಿ ನೋಡಿದ್ದಾರೆ. ಸಂಘಟಕರಲ್ಲಿ ನನ್ನ ಬೇಡಿಕೆ ಇಷ್ಟೇ: ಈ ಮಳೆಗಾಲ ಊರಿನ ದೊಡ್ಡ ಕಲಾವಿದರ ಕೂಟಕ್ಕೆ ಮೊದಲು ಒಂದು ಗಂಟೆ ನಮ್ಮ ಹವ್ಯಾಸಿಗಳಿಗೆ ಬಿಟ್ಟುಕೊಡಿ. ಹವ್ಯಾಸಿಗಳಿಗೆ ಹೇಳುವುದೂ ಒಂದಿದೆ: ನಿಮಗೆ ಅನ್ಯಾಯ ಮಾಡಿದವನನ್ನು ಹೋಲುವ ಪಾತ್ರವನ್ನೇ ಕೇಳಿ ಪಡೆಯಿರಿ. ಅವನ ಪರವಾಗಿ ಹತ್ತು ನಿಮಿಷ ಮನಸಾರೆ ಮಾತಾಡಲು ಬಂದರೆ, ಅದು ಯಾವ ಜಪಕ್ಕೂ ಕಡಿಮೆಯಲ್ಲ.