ಮರಳಿನೊಳಗಿನ ನಳಿಕೆಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬಾರ್ಡನ್ ಸೇನಾನೆಲೆಯಲ್ಲಿ, 1982ರ ಆಗಸ್ಟ್‌ನಲ್ಲಿ, ವಾಟರ್‌ಲೂ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಲವಣಗಳನ್ನೂ ಐದು ಸಾವಯವ ರಾಸಾಯನಿಕಗಳನ್ನೂ ಬೆರೆಸಿದ ಸುಮಾರು 12 ಘನ ಮೀಟರ್ ನೀರನ್ನು ಮರಳಿನ ಜಲಧರಕ್ಕೆ, ಅಂದರೆ ನೀರನ್ನು ಹಿಡಿದಿಟ್ಟು ಹರಿಯಗೊಡುವ ಭೂಪದರಕ್ಕೆ, ಬಿಟ್ಟು ಅದರ ಜಾಡು ಹಿಡಿದ ಬಗೆ ಕುಸುರಿ ಕೆಲಸಕ್ಕೆ ಸಾಟಿಯಾದುದು.

ಸಾಮಾನ್ಯ ಪರೀಕ್ಷಾ ಬಾವಿಯು ಉದ್ದನೆಯ ಜಾಲರಿಯ ಮೂಲಕ ಹಲವು ಆಳಗಳ ನೀರನ್ನು ಒಟ್ಟಿಗೆ ಎಳೆದುಕೊಳ್ಳುವುದರಿಂದ, ತೆಳುವಾದ ಮಲಿನ ಪದರವು ಶುದ್ಧ ನೀರಿನಲ್ಲಿ ಕಲಸಿಹೋಗಿ ಸಾಧುವಿನಂತೆ ತೋರುತ್ತದೆ. ಬಾರ್ಡನ್‌ನ ಬಹುಹಂತದ ಮಾದರಿ ಸಂಗ್ರಾಹಕದಲ್ಲಾದರೋ ಬೆರಳಿಗಿಂತ ಸಪುರವಾದ ನಳಿಕೆಗಳ ಕಟ್ಟೊಂದು ನೆಲಕ್ಕಿಳಿದು, ಪ್ರತಿ ನಳಿಕೆಯೂ ತನ್ನದೇ ಆಳದಲ್ಲಿ, ಮರಳು ನುಗ್ಗದಂತೆ ಬಲೆ ಸುತ್ತಿದ ತುದಿಯಲ್ಲಿ ನಿಲ್ಲುತ್ತದೆ. ಮೇಲಿನಿಂದ ನೋಡುವವರಿಗೆ ಕಾಣುವುದು ನಳಿಕೆಬಾಯಿಗಳ ಗೊಂಚಲಷ್ಟೆ. ಒಂದೊಂದು ಬಾಯಿಂದಲೂ ನೆರೆಯ ಪದರವನ್ನು ಕದಡದೆ ಸ್ವಲ್ಪವೇ ನೀರನ್ನು ಹೀರಿಕೊಳ್ಳುವ ಆ ಸಂಯಮ, ಯಾವ ದುಬಾರಿ ಯಂತ್ರದ ಭರಾಟೆಗಿಂತಲೂ ಮೇಲು.

ಇಂಥ ಸುಮಾರು 5,000 ಬಿಂದುಗಳು ಕೂಡಿ ಕಾಣದ ಹರಿವಿಗೆ ಆಕಾರ ಕೊಟ್ಟವು: ಲವಣವು ದಿನಕ್ಕೆ ಸುಮಾರು 9 ಸೆಂಟಿಮೀಟರ್ ಸಾಗಿತು, ಮರಳಿನ ಕಣಗಳಿಗೆ ಅಂಟುತ್ತ ಬಿಡುತ್ತ ಬಂದ ಸಾವಯವಗಳು ಹಿಂದುಳಿದವು, ಅವುಗಳಲ್ಲೂ ಕಾರ್ಬನ್ ಟೆಟ್ರಾಕ್ಲೋರೈಡ್ ಟೆಟ್ರಾಕ್ಲೋರೋಎಥಿಲೀನ್‌ಗಿಂತ ಮುಂದಿತ್ತು.