ಕೈಗೆ ವಾದ್ಯವೋ, ವಾದ್ಯಕ್ಕೆ ಕೈಯೋ?

ಎಡಗೈಯ ವಿಷಯದಲ್ಲಿ ನಮ್ಮ ಭಾಷೆ ಮೊದಲಿನಿಂದಲೂ ಉದಾರವಾಗಿಲ್ಲ. ‘ಬಲ’ವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ‘ಎಡ’ದ ನೆಂಟರೆಂದು ಕಿವಿಗೆ ತೋರುವ ಮಾತುಗಳಾದರೋ ಎಡವುವುದು, ಎಡರು, ಎಡವಟ್ಟು. ವ್ಯುತ್ಪತ್ತಿ ಏನೇ ಇರಲಿ, ಆಡುವವರ ಮನಸ್ಸಿನಲ್ಲಿ ಇವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಸಂಸ್ಕೃತದಲ್ಲಿಯೂ ದಕ್ಷಿಣದ ಪಕ್ಕದಲ್ಲೇ ದಕ್ಷನಿದ್ದಾನೆ. ಲ್ಯಾಟಿನ್ನಿನಲ್ಲಿ ಎಡಗೈಯನ್ನು ಸೂಚಿಸುತ್ತಿದ್ದ ಮಾತೇ ಇಂಗ್ಲಿಷಿಗೆ ಬಂದು ಕೇಡಿನ ಸೂಚನೆಯಾಯಿತು. ಅಪವಾದಗಳು ಇಲ್ಲದಿಲ್ಲ. ‘ವಾಮ’ಕ್ಕೆ ಸುಂದರವೆಂಬ ಅರ್ಥವೂ ಉಂಟು, ಎಡಗೈಯಿಂದಲೂ ಬಾಣ ಬಿಡಬಲ್ಲವನೆಂದು ಅರ್ಜುನನಿಗೆ ಸವ್ಯಸಾಚಿಯೆಂಬ ಬಿರುದು ಬಂತು. ಆದರೆ ಅರ್ಜುನನಿಗೆ ಬಲಗೈಯೂ ಚೆನ್ನಾಗಿಯೇ ನಡೆಯುತ್ತಿತ್ತೆಂಬುದನ್ನು ಮರೆಯಬಾರದು. ಎಡಗೈ ಮಾತ್ರವೇ ನಡೆಯುವವನಿಗೆ ಬಿರುದಿಲ್ಲ. ಅವನು ಎಡಚ, ಇಲ್ಲವೆ ರೊಡ್ಡ.

ಈ ಪಕ್ಷಪಾತ ಮಾತಿನಲ್ಲಷ್ಟೇ ಇದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದು ಮರದಲ್ಲಿ, ತಂತಿಯಲ್ಲಿ, ಉಕ್ಕಿನಲ್ಲಿ ಗಟ್ಟಿಗೊಂಡು ವಾದ್ಯದ ರೂಪ ತಾಳಿದಾಗ ಪ್ರಶ್ನೆ ಬೇರೆಯಾಗುತ್ತದೆ. ಕಲಾವಿದ ವಾದ್ಯಕ್ಕೆ ಬಗ್ಗಬೇಕೋ, ವಾದ್ಯ ಕಲಾವಿದನಿಗೆ ಬಗ್ಗಬೇಕೋ? ಇದು ಬಡಗಿಯ ಪ್ರಶ್ನೆಯಂತೆ ತೋರಿದರೂ ನನ್ನ ಮಟ್ಟಿಗೆ ವಿಮರ್ಶೆಯ ಪ್ರಶ್ನೆಯೇ. ಇದನ್ನು ಪರೀಕ್ಷಿಸಲು ಅಮೆರಿಕದ ಪೆಡಲ್ ಸ್ಟೀಲ್ ಗಿಟಾರಿಗಿಂತ ಕಠಿಣವಾದ ಒರೆಗಲ್ಲು ಸಿಕ್ಕುವುದು ಕಷ್ಟ.

ಅಲ್ಲಿನ ಕಂಟ್ರಿ ಹಾಡುಗಳನ್ನು ಕೇಳಿದವರಿಗೆ, ಗಾಯಕನ ಸಾಲು ಮುಗಿದೊಡನೆ ನಿಟ್ಟುಸಿರಿನಂತೆ ಜಾರಿ ಬರುವ ಒಂದು ನಾದ ನೆನಪಿದ್ದೀತು. ಅದು ಈ ವಾದ್ಯದ್ದು. ಇದರ ಮೂಲ ಹವಾಯಿ ದ್ವೀಪಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಯವರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸತೊಡಗಿದರು. ನಮ್ಮ ಗೋಟುವಾದ್ಯವನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ: ಎಡಗೈಯಲ್ಲಿ ಜಾರುವ ತುಂಡು, ಬಲಗೈಯಲ್ಲಿ ಮೀಟು. ಮುಂದೆ ಅಮೆರಿಕನ್ನರು ಅದಕ್ಕೆ ಕಾಲು ಕೊಟ್ಟು ನಿಲ್ಲಿಸಿದರು, ಅಡಿಯಲ್ಲಿ ಪೆಡಲುಗಳನ್ನು ಜೋಡಿಸಿದರು. ಪೆಡಲನ್ನು ತುಳಿದರೆ ಗೊತ್ತಾದ ತಂತಿಯ ಶ್ರುತಿ ಏರುತ್ತದೆ. ಪಕ್ಕದ ತಂತಿ ಕದಲದೆ ನಿಲ್ಲುತ್ತದೆ. ವೆಬ್ ಪಿಯರ್ಸ್ ಹಾಡಿದ, 1954ರಲ್ಲಿ ಮನೆಮಾತಾದ ಒಂದು ಹಾಡಿನಲ್ಲಿ ಬಡ್ ಐಸಾಕ್ಸ್ ಈ ಏರಿಕೆಯನ್ನು ಕೇಳಿಸಿದ ಮೇಲೆ ಸ್ಟೀಲ್ ವಾದಕರೆಲ್ಲ ಪೆಡಲಿನ ಹಿಂದೆ ಬಿದ್ದರು. ಬಡ್ಡಿ ಎಮ್ಮನ್ಸ್‌ರಂಥವರ ಕೈಯಲ್ಲಿ ವಾದ್ಯ ಇಂದಿನ ರೂಪಕ್ಕೆ ಬಂತು.

ಇಂದು ವಾದಕ ಹತ್ತು ತಂತಿಗಳ ಮುಂದೆ ಕುಳಿತಿರುತ್ತಾನೆ. ಎಡಗೈಯಲ್ಲಿ ಉಕ್ಕಿನ ಕಡ್ಡಿ. ಬಲಗೈಯ ಹೆಬ್ಬೆರಳಿಗೂ ಬೆರಳುಗಳಿಗೂ ನಖಿ. ಎಡಗಾಲು ಪೆಡಲುಗಳ ಮೇಲೆ, ಬಲಗಾಲು ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸುವ ಇನ್ನೊಂದು ಪೆಡಲಿನ ಮೇಲೆ. ಎರಡು ಮೊಣಕಾಲುಗಳಿಗೂ ಬಿಡುವಿಲ್ಲ. ಅವುಗಳ ಪಕ್ಕದಲ್ಲಿ ಸನ್ನೆಗೋಲುಗಳು ತೂಗುತ್ತಿರುತ್ತವೆ. ದೇಹವೆಲ್ಲ ವಾದ್ಯದೊಳಗೆ ಸೇರಿಕೊಂಡ ಇಂಥ ಕಡೆ ಎಡಚನೊಬ್ಬ ಬಂದು ಕುಳಿತರೆ ಏನು ಗತಿ? ಅವನ ಮುಂದೆ ಮೂರು ದಾರಿಗಳಿವೆ. ಒಂದೊಂದನ್ನೂ ತೂಗಿ ನೋಡೋಣ.

ಮೊದಲನೆಯದು ಇದ್ದ ವಾದ್ಯವನ್ನು ಇದ್ದಂತೆಯೇ ಕಲಿಯುವುದು. ಇದರ ಪರವಾದ ವಾದ ಹಗುರವಾದುದಲ್ಲ. ಎರಡು ಕೈಗಳಿಗೂ ಕೆಲಸವಿರುವಾಗ ಬಲವೇನು ಎಡವೇನು, ಹೊಸಬರಿಗೆ ಎಲ್ಲವೂ ಹೊಸದೇ ಎನ್ನುತ್ತಾರೆ. ಅಷ್ಟೇ ಅಲ್ಲ, ಶ್ರುತಿ ನಿಲ್ಲುವುದು ಕಡ್ಡಿ ಹಿಡಿದ ಎಡಗೈಯಲ್ಲಿ. ವೀಣೆಯಲ್ಲಿ ಗಮಕದ ಭಾರವೆಲ್ಲ ಎಡಗೈಯದಲ್ಲವೆ? ಹಾಗಾದರೆ ಎಡಚನಿಗೆ ಇದು ಲಾಭವೇ ಎಂಬುದು ಅವರ ತೀರ್ಮಾನ. ಈ ದಾರಿ ಹಿಡಿದು ಗೆದ್ದವರೂ ಇದ್ದಾರೆ. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಎಡಚರು. ನುಡಿಸಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ಮುಗಳನ್ನು. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಹೊರಳುವಾಗ ಮುಂದಾಗುವುದು ಎಡಗೈಯಾದ್ದರಿಂದ ಅವರ ತುಂಬುಗತ್ತುಗಳಲ್ಲಿ ಒಂದು ಚಿಕ್ಕ ತಡವರಿಕೆ, ಒಂದು ವಿಚಿತ್ರ ಸೊಗಸು ಬಂತು. ಅದನ್ನು ಅನುಕರಿಸಲು ಬಲಗೈಯವರೇ ತಿಣುಕಬೇಕಾಯಿತು.

ಆದರೂ ಈ ವಾದದಲ್ಲಿ ಒಂದು ಬಿರುಕುಂಟು. ಶ್ರುತಿ ಎಡಗೈಯಲ್ಲಿದ್ದರೂ ಕಾಲ ಬಲಗೈಯಲ್ಲಿದೆ. ಯಾವ ತಂತಿಯನ್ನು ಯಾವ ಕ್ಷಣದಲ್ಲಿ ಎಷ್ಟು ಒತ್ತಿ ಮೀಟಬೇಕು, ಮೀಟಿದ ತಂತಿಯನ್ನು ಅಂಗೈಯ ಅಂಚಿನಿಂದ ಯಾವಾಗ ಮುಚ್ಚಿ ಮೌನಗೊಳಿಸಬೇಕು—ಸ್ಟೀಲ್ ಗಿಟಾರಿನ ಹದವೆಲ್ಲ ಇಲ್ಲಿದೆ. ಲಯದ ಈ ಕೆಲಸಕ್ಕೆ ಮನುಷ್ಯ ಸಹಜವಾಗಿ ಮುಂದೆ ಮಾಡುವ ಕೈ ಒಂದಿದೆ, ಅದು ಎಲ್ಲರಲ್ಲೂ ಒಂದೇ ಅಲ್ಲ. ನಾನೂ ಹುಟ್ಟು ಎಡಚನೇ. ಸ್ಲೇಟಿನ ಮೇಲೆ ಬಳಪ ಹಿಡಿದ ನನ್ನ ಕೈಯನ್ನು ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರು ಬೆತ್ತದ ಸಹಾಯದಿಂದ ಬದಲಾಯಿಸಿದರು. ಇಂದು ಕರಿಹಲಗೆಯ ಮೇಲೆ ಬಲಗೈಯಿಂದ ಬರೆಯುತ್ತೇನೆ. ಅಕ್ಷರ ದುಂಡಗಿದೆಯೆಂದು ವಿದ್ಯಾರ್ಥಿಗಳು ಹೇಳುವುದುಂಟು. ಆದರೆ ದುಂಡಗಿನ ಅಕ್ಷರ ಬೆತ್ತದ ಸಮರ್ಥನೆಯಾಗದು. ಬೇರೆ ಬಾಗಿಲುಗಳು ತೆರೆದಿದ್ದೂ ಒಬ್ಬನು ಈ ದಾರಿಯನ್ನು ಆರಿಸಿಕೊಂಡರೆ ಅದು ಆಯ್ಕೆ. ಬೇರೆ ಬಾಗಿಲೇ ಇಲ್ಲದೆ ಬಂದರೆ ಅದು ಶರಣಾಗತಿ.

ಎರಡನೆಯ ದಾರಿ ವಾದ್ಯವನ್ನು ತಿರುಗಿಸಿ ಹಿಡಿಯುವುದು. ಇದರ ಅತ್ಯುತ್ತಮ ನಿದರ್ಶನ ಉತ್ತರ ಕೆರೊಲಿನಾದ ಎಲಿಜಬೆತ್ ಕಾಟನ್. ಆಕೆ ಎಳೆಯ ವಯಸ್ಸಿನಲ್ಲಿ ಅಣ್ಣನ ಬ್ಯಾಂಜೊ ತೆಗೆದುಕೊಂಡು ಎಡಗೈಗೆ ಒಗ್ಗುವಂತೆ ತಲೆಕೆಳಗಾಗಿ ಹಿಡಿದಳು. ಮುಂದೆ ಗಿಟಾರನ್ನೂ ಹಾಗೆಯೇ ಹಿಡಿದಳು. ತಂತಿಗಳನ್ನು ಬದಲಾಯಿಸಲಿಲ್ಲ. ಆದ್ದರಿಂದ ಮಂದ್ರದ ತಂತಿಗಳು ಕೆಳಕ್ಕೆ ಹೋದವು, ತಾರದವು ಮೇಲಕ್ಕೆ ಬಂದವು. ಉಳಿದವರು ಹೆಬ್ಬೆರಳಿನಿಂದ ಮಂದ್ರ ನುಡಿಸಿದರೆ ಆಕೆ ಬೆರಳಿನಿಂದ ನುಡಿಸಿದಳು. ಉಳಿದವರು ಬೆರಳಿನಿಂದ ತೆಗೆಯುವ ರಾಗವನ್ನು ಆಕೆ ಹೆಬ್ಬೆರಳಿನಿಂದ ತೆಗೆದಳು. ದಶಕಗಳ ಕಾಲ ವಾದ್ಯವನ್ನು ಬದಿಗಿಟ್ಟು ಮನೆಗೆಲಸ ಮಾಡಿಕೊಂಡಿದ್ದ ಆಕೆಯ ಮೊದಲ ಧ್ವನಿಮುದ್ರಿಕೆಯನ್ನು 1958ರಲ್ಲಿ ಫೋಕ್‌ವೇಸ್ ಸಂಸ್ಥೆ ಹೊರತಂದಿತು. ಆಗ ಆಕೆಗೆ ಅರವತ್ತು ದಾಟಿತ್ತು. ಅದನ್ನು ಕೇಳಿದರೆ, ಕೆಳಗೆ ಸಮನಾಗಿ ನಡೆಯುವ ಮಂದ್ರದ ಹಗುರವಾದ ಹೆಜ್ಜೆಯೂ ಅದರ ಮೇಲೆ ಹೆಬ್ಬೆರಳಿನ ದಪ್ಪನೆಯ ದನಿಯಲ್ಲಿ ನಡೆಯುವ ರಾಗವೂ ಬೇರೆ ಯಾರಲ್ಲೂ ಇರದ ಒಂದು ಪ್ರಮಾಣದಲ್ಲಿ ಬೆರೆತಿರುವುದು ತಿಳಿಯುತ್ತದೆ. ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್ ಕೂಡ ಗಿಟಾರನ್ನು ಹೀಗೆಯೇ ತಿರುಗಿಸಿ ಹಿಡಿದು, ಇತರರು ಮೇಲಕ್ಕೆ ನೂಕಿ ಬಾಗಿಸುವ ತಂತಿಯನ್ನು ಕೆಳಕ್ಕೆ ಎಳೆದು ಬಾಗಿಸಿದ.

ಇಲ್ಲಿ ರಸಿಕರೊಂದು ಆಪತ್ತಿಗೆ ಸಿಕ್ಕುವುದುಂಟು. ಅಡ್ಡಿಯಿಂದಲೇ ಕಲೆ ಹುಟ್ಟುತ್ತದೆ, ಆದ್ದರಿಂದ ಅಡ್ಡಿ ಒಳ್ಳೆಯದು ಎಂಬ ಸಿದ್ಧಾಂತ ಕೇಳಲು ಇಂಪಾಗಿದೆ. ಇದು ಒಪ್ಪತಕ್ಕ ಮಾತಲ್ಲ. ನಮಗೆ ಕೇಳುವುದು ಗೆದ್ದವರ ದನಿ ಮಾತ್ರ. ವಾದ್ಯವನ್ನು ಒಂದು ವಾರ ತಿರುಗಿಸಿ ಮುರುಗಿಸಿ, ಇದು ನನಗಲ್ಲವೆಂದು ಗೋಡೆಗೊರಗಿಸಿ ಹೋದವರ ಸಂಗೀತ ಯಾವ ಮುದ್ರಿಕೆಯಲ್ಲಿಯೂ ಇಲ್ಲ. ಕಾಟನ್ನಳ ಪ್ರತಿಭೆಯನ್ನು ಅವಳ ತೊಡಕಿನ ಲೆಕ್ಕಕ್ಕೆ ಬರೆಯುವುದು ಅವಳಿಗೂ ಅನ್ಯಾಯ, ಅವರಿಗೂ ಅನ್ಯಾಯ.

ಪೆಡಲ್ ಸ್ಟೀಲಿನಲ್ಲಂತೂ ಈ ದಾರಿಯೇ ಮುಚ್ಚಿಹೋಗಿದೆ. ತೊಡೆಯ ಮೇಲಿನ ಸರಳ ಸ್ಟೀಲ್ ಗಿಟಾರಾದರೆ ತಂತಿಗಳ ಕ್ರಮ ಬದಲಾಯಿಸಿ, ತಂತಿ ಕೂರುವ ಕಚ್ಚುಗಳನ್ನು ಸರಿಪಡಿಸಿದರೆ ಮುಗಿಯಿತು. ಪೆಡಲ್ ವಾದ್ಯದಲ್ಲಿ ಹಾಗಲ್ಲ. ತಂತಿಗಳನ್ನು ಎಳೆದು ಸಡಿಲಿಸುವ ಯಂತ್ರ ಬಲತುದಿಯಲ್ಲಿದೆ, ಬಿರಡೆಗಳು ಎಡತುದಿಯಲ್ಲಿವೆ. ಅಡಿಯಲ್ಲಿ ಸರಳುಗಳ ಒಂದು ಕಾಡೇ ಇದೆ. ಎದುರು ಬದಿಯಲ್ಲಿ ಕುಳಿತು ನುಡಿಸುತ್ತೇನೆಂದರೆ ತೆಳು ತಂತಿ ಎದೆಯ ಹತ್ತಿರ ಬರುತ್ತದೆ, ದಪ್ಪ ತಂತಿ ದೂರ ಹೋಗುತ್ತದೆ. ಪೆಡಲುಗಳ ತುದಿ ಸಭಿಕರ ಬದಲು ವಾದಕನಿಗೆ ಬೆನ್ನು ಮಾಡುತ್ತದೆ. ಕೈ ಬಗ್ಗಿದರೂ ಕಾಲು ಬಗ್ಗದು.

ಉಳಿದದ್ದು ಮೂರನೆಯ ದಾರಿ: ಕನ್ನಡಿಯಲ್ಲಿ ಕಂಡಂತೆ ಇಡೀ ವಾದ್ಯವನ್ನೇ ಹೊಸದಾಗಿ ಮಾಡಿಸುವುದು. ಸಾಧಾರಣ ಗಿಟಾರಿನಲ್ಲಿ ಇದು ಸುಲಭ. ಪಾಲ್ ಮೆಕಾರ್ಟ್ನಿ, ಎಡಗೈಯಿಂದ ನುಡಿಸುತ್ತಿದ್ದ ಸ್ಲಿಮ್ ವಿಟ್ಮನ್ ಎಂಬ ಕಂಟ್ರಿ ಗಾಯಕನ ಚಿತ್ರವೊಂದನ್ನು ನೋಡಿ, ತಂತಿಗಳನ್ನು ತಿರುವುಮುರುವು ಮಾಡಬಹುದೆಂದು ಅರಿತುಕೊಂಡರು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಹಾಫ್ನರ್ ಬಾಸ್ ಕೊಂಡಾಗ, ಪಿಟೀಲಿನಂತೆ ಎರಡು ಬದಿಯೂ ಸಮನಾದ ಅದರ ಆಕಾರ, ತಿರುಗಿಸಿದರೂ ಕಣ್ಣಿಗೆ ಒಡೆಯದು ಎಂಬುದೂ ಅವರ ಲೆಕ್ಕದಲ್ಲಿತ್ತು. ಒಂದೇ ತಂಡದ ಇಬ್ಬರು ಎಡಚರಲ್ಲಿ ಒಬ್ಬರು ವಾದ್ಯಕ್ಕೆ ಬಗ್ಗಿದರು, ಇನ್ನೊಬ್ಬರು ವಾದ್ಯವನ್ನು ಬಗ್ಗಿಸಿದರು. ಇಬ್ಬರೂ ಸಂಗೀತವನ್ನು ಶ್ರೀಮಂತಗೊಳಿಸಿದರು.

ಪೆಡಲ್ ಸ್ಟೀಲಿನ ಎಡಚ ಮಾತ್ರ ಅಂಗಡಿಗೆ ಹೋಗಿ ನುಡಿಸಿ ನೋಡಿ ಕೊಳ್ಳುವ ಭಾಗ್ಯವನ್ನು ಮರೆಯಬೇಕು. ತಯಾರಕನಿಗೆ ಹೇಳಿ ಮಾಡಿಸಬೇಕು, ಕಾಯಬೇಕು. ಬೇಡವಾದರೆ ಕೊಳ್ಳುವವರು ಅಪರೂಪ. ಕೈಗಳೊಂದಿಗೆ ಕಾಲುಗಳನ್ನೂ ಅದಲುಬದಲು ಮಾಡಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಗೆಳೆಯರ ಗೋಷ್ಠಿಯಲ್ಲಿ ಇನ್ನೊಬ್ಬರ ವಾದ್ಯದ ಮುಂದೆ ಒಂದು ಗಳಿಗೆ ಕೂರುವಂತಿಲ್ಲ. ಒಂದೆರಡು ಅನುಕೂಲಗಳೂ ಇವೆ: ತಂತಿ ಮತ್ತು ಮನೆಗಳನ್ನು ಅಂಕಿಗಳಲ್ಲಿ ಬರೆದ ಲಿಪಿ ಎರಡು ಕೈಯವರಿಗೂ ಒಂದೇ, ಗುರುವಿನ ಎದುರು ಕುಳಿತ ಎಡಚ ಶಿಷ್ಯನಿಗೆ ಗುರುವೇ ಕನ್ನಡಿಯಾಗುತ್ತಾನೆ.

ಇದು ಬರಿಯ ಅಮೆರಿಕದ ಮಾತೆಂದು ನಾವು ದೂರ ನಿಲ್ಲಬೇಕಾಗಿಲ್ಲ. 1962ರಲ್ಲಿ ತೀರಿಕೊಂಡ ಮೃದಂಗ ವಿದ್ವಾಂಸ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರು. ಮೃದಂಗವನ್ನು ತಿರುಗಿಸಿಟ್ಟುಕೊಂಡರೆ ಸಾಕು, ವಾದ್ಯ ತಕರಾರು ಮಾಡುವುದಿಲ್ಲ. ತಕರಾರು ವೇದಿಕೆಯದು. ಕರಣೆಯ ಮುಖ ಸಭೆಯ ಕಡೆಗಿರಬೇಕಾದರೆ ಎಡಚ ಮೃದಂಗದವರು ಗಾಯಕರ ಇನ್ನೊಂದು ಪಕ್ಕಕ್ಕೆ ಬರಬೇಕು, ಪಿಟೀಲಿನವರು ಎದ್ದು ಜಾಗ ಬಿಡಬೇಕು. ಕೈ ಒಂದು ಬದಲಾದರೆ ಕುಳಿತುಕೊಳ್ಳುವ ಪಂಕ್ತಿಯೇ ಬದಲಾಗಬೇಕಾಗುತ್ತದೆ! ವಾದ್ಯವನ್ನು ಮುಟ್ಟಬಾರದೆಂಬ ಮಡಿಯೂ ನಮ್ಮಲ್ಲಿ ಇರಲಿಲ್ಲ. ಮೈಸೂರು ಟಿ. ಚೌಡಯ್ಯನವರು ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದರು. ಪಿಟೀಲು ಕೆಡಲಿಲ್ಲ; ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನ ಪಿಟೀಲಿನ ಆಕಾರದಲ್ಲೇ ನಿಂತಿದೆ. ಕೇಳುವವರ ಕಿವಿಗಾಗಿ ವಾದ್ಯ ಬದಲಾಗಬಹುದಾದರೆ ನುಡಿಸುವವರ ಕೈಗಾಗಿ ಏಕೆ ಬದಲಾಗಬಾರದು?

ಹಾಗಾದರೆ ಮೂರರಲ್ಲಿ ಯಾವುದು ಮೇಲು? ಕಲೆಯ ದೃಷ್ಟಿಯಿಂದ ಉತ್ತರ ಸುಲಭ: ಯಾವುದೂ ಅಲ್ಲ. ತಿರುಗಿಸಿ ಹಿಡಿದವಳ ಕೈ ನಾದದಲ್ಲಿ ಗುರುತು ಬಿಟ್ಟಿತು. ಕನ್ನಡಿ ವಾದ್ಯ ಅಂಥ ಗುರುತು ಬಿಡುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೆ ನುಡಿಸಿದವನು ಎಡಚನೋ ಅಲ್ಲವೋ ತಿಳಿಯದು. ಗುರುತು ಬಿಟ್ಟದ್ದು ಹೆಚ್ಚು ಕಲೆಯಲ್ಲ, ಬಿಡದಿದ್ದದ್ದು ಕಡಿಮೆ ಕಲೆಯೂ ಅಲ್ಲ. ಆದರೆ ನ್ಯಾಯದ ದೃಷ್ಟಿಯಿಂದ ನನ್ನ ಮತ ಮೂರನೆಯದಕ್ಕೆ. ಎಲ್ಲ ಎಡಚರೂ ಕನ್ನಡಿ ವಾದ್ಯವನ್ನೇ ಹಿಡಿಯಬೇಕೆಂದಲ್ಲ. ಅದು ಇದ್ದಾಗ ಮಾತ್ರ ಮೊದಲ ಎರಡು ದಾರಿಗಳಿಗೆ ಆಯ್ಕೆಯ ಗೌರವ ಬರುತ್ತದೆ. ಬಲಗೈಯವನಿಗೆ ಹುಟ್ಟಿನಿಂದ ಪುಕ್ಕಟೆ ದೊರೆತದ್ದನ್ನು ಎಡಚ ಹಣ ತೆತ್ತು, ಕಾದು ಪಡೆಯುತ್ತಾನೆ. ಅವನು ಕೇಳುವುದು ವಿಶೇಷ ಸೌಲಭ್ಯವಲ್ಲ, ಸಮನಾದ ಮಣೆ. ಆ ಮಣೆಯ ಮೇಲೆ ಅವನು ಕುಳಿತ ಮೇಲೆ ವಿಮರ್ಶಕ ಅವನ ಕೈಯನ್ನು ಮರೆತು ನಾದವನ್ನು ಕೇಳಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ಹೇಳಲಿ. ಈ ‘ನಿರ್ದಾಕ್ಷಿಣ್ಯ’ದಲ್ಲಿಯೂ ದಕ್ಷಿಣವೇ ಅಡಗಿ ಕುಳಿತಿರುವುದನ್ನು ಮಾತ್ರ ಓದುಗರು ಮನ್ನಿಸಬೇಕು, ಭಾಷೆಯನ್ನು ತಿರುಗಿಸಿ ಹಿಡಿಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.