ಗಡಿಯ ಗೆರೆ: ಜರೀನಾ ಅವರ ಅಚ್ಚುಚಿತ್ರಗಳು

ತೈಲವರ್ಣದ ಚಿತ್ರವೇ ಅಸಲು, ಅಚ್ಚಿನ ಚಿತ್ರವೆಂದರೆ ನಕಲು ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿಯೂ ಬೇರೂರಿದೆ. ರವಿವರ್ಮನ ಚಿತ್ರಗಳು ಶಿಲಾಮುದ್ರಣದ ಮೂಲಕ ಮನೆಮನೆಯ ಗೋಡೆಯನ್ನು ಸೇರಿದಂದಿನಿಂದ ಈ ಭಾವನೆ ಬಲಗೊಂಡಿರಬೇಕು. ಅಲ್ಲಿ ಅಚ್ಚು ನಿಜವಾಗಿಯೂ ತೈಲಚಿತ್ರದ ಪ್ರತಿಯೇ ಆಗಿದ್ದಿತು. ಆದರೆ ಕಲಾವಿದನು ತಾನೇ ಹಲಗೆಯನ್ನು ಕೆತ್ತಿ, ಅಚ್ಚಿಗೆಂದೇ ರೂಪವನ್ನು ಕಲ್ಪಿಸಿದಾಗ, ಮಸಿಯಿಂದ ಎದ್ದುಬಂದ ಪ್ರತಿಯೊಂದು ಹಾಳೆಯೂ ಮೂಲಕೃತಿಯೇ ಸರಿ. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು, ಬಣ್ಣದಲ್ಲದ್ದಿ, ಕಾಗದದ ಮೇಲೊತ್ತುವ ಮೂರನೆಯ ತರಗತಿಯ ಬಾಲಕನಿಗೆ ಇದು ತಿಳಿದಿದೆ; ಮರೆಯುವವರು ಉಪಾಧ್ಯಾಯರಾದ ನಾವು. ಮೇಣದ ಹಾಳೆಯನ್ನು ಲೋಹದ ಕಡ್ಡಿಯಿಂದ ಗೀರಿ ಇಂತಹ ಪತ್ರಿಕೆಗಳನ್ನು ಹೊರತರುವವರಂತೂ, ಸುಲಭವಾಗಿ ತಿದ್ದಲು ಬಾರದ ಗೆರೆ ಎಂದರೇನೆಂಬುದನ್ನು ಬೆರಳಿನಿಂದಲೇ ಬಲ್ಲರು.

ಈ ಕಲೆಯಲ್ಲಿ ನಮ್ಮ ದೇಶದವರು ಗಳಿಸಿದ ಸ್ಥಾನ ಸಣ್ಣದಲ್ಲ. ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಪ್ಯಾರಿಸ್ಸಿನಲ್ಲಿ ಹೇಟರ್ ಅವರ 'ಅತೆಲಿಯೇ 17' ಎಂಬ ಕಾರ್ಯಾಗಾರವನ್ನು ಸೇರಿದ ಕೃಷ್ಣಾ ರೆಡ್ಡಿಯವರು (1925-2018), ಮಸಿಗಳ ಸಾಂದ್ರತೆಯ ಭೇದವನ್ನೇ ಬಳಸಿ ಒಂದೇ ಲೋಹದ ಫಲಕದಿಂದ ಹಲವು ಬಣ್ಣಗಳನ್ನೆತ್ತುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಆದರೆ ಅವರ ವಿಧಾನದ ಕೀರ್ತಿಯು ಅವರ ಚಿತ್ರಗಳನ್ನು ತುಸು ಮರೆಮಾಡಿತೆಂದೇ ನಮಗೆ ತೋರುತ್ತದೆ. ಸೋಮನಾಥ ಹೋರ್ (1921-2006) ಅವರ ಸಂಗತಿ ಬೇರೆ. 1943ರ ಬಂಗಾಳದ ಕ್ಷಾಮದಲ್ಲಿ ಹಸಿದವರ ದೇಹಗಳನ್ನು ಗೆರೆಯಲ್ಲಿ ಹಿಡಿದ ಆ ಕೈ, 1971ರಲ್ಲಿ ಆರಂಭವಾದ 'ಗಾಯಗಳು' ಎಂಬ ಮಾಲೆಯಲ್ಲಿ ಮಸಿಯನ್ನೇ ತೊರೆಯಿತು. ಮೆತ್ತನೆಯ ಹಾಸನ್ನು ಚಾಕುವಿನಿಂದ ಸೀಳಿ, ಕಾದ ಸಲಾಕೆಯಿಂದ ಚುಚ್ಚಿ, ಅದರಿಂದ ಸಿಮೆಂಟಿನ ಎರಕವನ್ನು ತೆಗೆದು, ಆ ಎರಕಕ್ಕೆ ಕಾಗದದ ತಿರುಳನ್ನು ಒತ್ತಿದರು. ಬಿಳಿಯ ಮೇಲೆ ಬಿಳಿಯ ಗಾಯ! ಪುಸ್ತಕದಲ್ಲಿ ಅಚ್ಚಾದ ಛಾಯಾಚಿತ್ರವು ಇದಕ್ಕೆ ಮಾಡುವಷ್ಟು ಅನ್ಯಾಯವನ್ನು ಇನ್ನಾವ ಕೃತಿಗೂ ಮಾಡದು. ಓರೆಯಾದ ಬೆಳಕಿಲ್ಲದೆ ಅದು ಕಾಣುವುದೇ ಇಲ್ಲ.

ನಾವು ಇಲ್ಲಿ ವಿಶೇಷವಾಗಿ ಪರಿಶೀಲಿಸಬಯಸುವುದು ಜರೀನಾ ಹಾಶ್ಮಿಯವರನ್ನು. ತಮ್ಮ ಕೃತಿಗಳಿಗೆ ಆಕೆ 'ಜರೀನಾ' ಎಂಬ ಒಂದೇ ಹೆಸರನ್ನಿಟ್ಟುಕೊಂಡಿದ್ದರು. 1937ರಲ್ಲಿ ಅಲೀಗಢದಲ್ಲಿ ಜನಿಸಿ, 1958ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ಗಣಿತದ ಪದವಿಯನ್ನು ಪಡೆದವರು. ಚಿತ್ರಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ರಾಜತಾಂತ್ರಿಕರಾಗಿದ್ದ ಪತಿಯೊಡನೆ ದೇಶದಿಂದ ದೇಶಕ್ಕೆ ಹೋಗುತ್ತ, ಬ್ಯಾಂಕಾಕಿನಲ್ಲಿ ಮರದಚ್ಚನ್ನೂ, ಪ್ಯಾರಿಸ್ಸಿನಲ್ಲಿ ಹೇಟರ್ ಅವರಲ್ಲಿಯೇ ಲೋಹದ ಅಚ್ಚನ್ನೂ, 1974ರಲ್ಲಿ ಜಪಾನಿನಲ್ಲಿ ಅಲ್ಲಿಯ ಮರದಚ್ಚಿನ ಸೂಕ್ಷ್ಮವನ್ನೂ ಕಲಿತರು. ಅನಂತರ ನ್ಯೂಯಾರ್ಕಿನಲ್ಲಿ ನೆಲೆಸಿ, ಕಾಗದ ತಯಾರಿಕೆಯನ್ನು ಬೋಧಿಸುತ್ತ ಕೆಲಸಮಾಡಿದರು. ವೆನಿಸ್ಸಿನ ಕಲಾಮೇಳದಲ್ಲಿ ಭಾರತದ ಮಂಟಪಕ್ಕೆ ಆಕೆಯ ಕೃತಿಗಳು ಹೋದದ್ದು 2011ರಲ್ಲಿ. ಸಮಗ್ರ ಪ್ರದರ್ಶನವೊಂದು ಅಮೆರಿಕೆಯಲ್ಲಿ ನಡೆದದ್ದು 2012ರಲ್ಲಿ, ಆಕೆಗೆ 75 ತುಂಬುತ್ತಿದ್ದಾಗ. 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹದಿನೆಂಟರಲ್ಲಿಯೇ ಬಹುಮಾನ ಬರಲಿಲ್ಲವೆಂದು ಕುಂಚವನ್ನು ಬಿಸಾಡುವ ವಿದ್ಯಾರ್ಥಿಗಳು ಈ ಇಸವಿಗಳನ್ನು ಗಮನಿಸಲಿ.

'ವಿಭಜಕ ರೇಖೆ' (2001) ಎಂಬುದು ಆಕೆಯ ಮರದಚ್ಚುಗಳಲ್ಲಿ ಪ್ರಸಿದ್ಧವಾದುದು. 1947ರಲ್ಲಿ ಭಾರತ-ಪಾಕಿಸ್ತಾನಗಳ ನಡುವೆ ಬಿದ್ದ ಗಡಿಯೇ ಅದರ ವಸ್ತು. ಊರುಗಳ ಹೆಸರಿಲ್ಲ, ನದಿಯಿಲ್ಲ, ಬಣ್ಣವಿಲ್ಲ. ತಿಳಿಯಾದ ಕಾಗದದ ಮೇಲೆ ವಕ್ರವಾಗಿ ಇಳಿಯುವ ಒಂದು ಕಪ್ಪು ಗೆರೆ ಮಾತ್ರ. ಇದರಲ್ಲೇನು ಕಲೆ, ಭೂಪಟದ ಮೇಲೆ ತೆಳುಕಾಗದವನ್ನಿಟ್ಟು ನಮ್ಮ ಹುಡುಗರೂ ಬರೆಯಲಾರರೇ ಎಂದು ಯಾರಾದರೂ ಕೇಳಿಯಾರು. ಉತ್ತರವು ಅಚ್ಚಿನ ಕ್ರಮದಲ್ಲಿಯೇ ಅಡಗಿದೆ. ಮರದಚ್ಚಿನಲ್ಲಿ ಕಪ್ಪಾಗಿ ಮೂಡುವುದು ಕೆತ್ತದೆ ಬಿಟ್ಟ ಭಾಗ. ಲೇಖನಿಯಿಂದ ಗೆರೆಯನ್ನೆಳೆಯುವವನು ಭೂಮಿಯನ್ನು ಮುಟ್ಟಬೇಕಾಗಿಲ್ಲ, ಲಂಡನ್ನಿನಿಂದ ಬಂದ ರ‍್ಯಾಡ್‌ಕ್ಲಿಫ್ ಕೆಲವೇ ವಾರಗಳಲ್ಲಿ ಎಳೆದು ಹೋದಂತೆ. ಆದರೆ ಮರದಲ್ಲಿ ಆ ಒಂದು ಗೆರೆ ನಿಲ್ಲಬೇಕಾದರೆ, ಅದರ ಎರಡು ಪಕ್ಕದ ನೆಲವನ್ನೂ ಉಳಿಯಿಂದ ಅಗೆದು ತೆಗೆಯಬೇಕು. ಗಡಿಯೊಂದು ಉಳಿಯುವುದಕ್ಕಾಗಿ ಎರಡು ಕಡೆಯೂ ಬರಿದಾಗಬೇಕು. 1959ರಲ್ಲಿ ತಂದೆತಾಯಿಗಳು ಪಾಕಿಸ್ತಾನಕ್ಕೆ ತೆರಳಿದ ಮಗಳು ಈ ಅರ್ಥವನ್ನು ಉಳಿಯ ಕೆಲಸದಿಂದಲೇ ಹೊರಡಿಸಿದ್ದಾರೆ. ಕುಂಚದಲ್ಲಿ ಇದು ಸಾಧ್ಯವಿರಲಿಲ್ಲ.

ನಮ್ಮ ಗಡಿಯನ್ನು ಆ ಗಡಿಯೊಡನೆ ಹೋಲಿಸುವ ಆಸೆಯಾಗುವುದು ಸಹಜ. ಆದರೆ ಅದು ಔಚಿತ್ಯವನ್ನು ಮೀರಿದ ಮಾತಾದೀತು. 1956ರ ನವೆಂಬರ್ 1ರಂದು ಮೂಡಿದ ಗೆರೆಗಳ ಈಚೆ ಉಳಿದ ನಾವು ಮನೆಯನ್ನು ಬಿಟ್ಟು ಓಡಬೇಕಾಗಿ ಬರಲಿಲ್ಲ. ನಮ್ಮನ್ನು ತಟ್ಟುವ ಕೃತಿ ಬೇರೊಂದಿದೆ. 'ಮನೆಯೊಂದು ಪರದೇಶ' (1999) ಎಂದು ಕರೆಯಬಹುದಾದ ಮಾಲೆಯಲ್ಲಿ 36 ಮರದಚ್ಚುಗಳಿವೆ. ಆಕೆ ಮೊದಲು ಉರ್ದು ಪದಗಳ ಪಟ್ಟಿಯೊಂದನ್ನು ಮಾಡಿ, ಲಿಪಿಕಾರನಿಂದ ಬರೆಯಿಸಿ, ಒಂದೊಂದು ಪದಕ್ಕೂ ಒಂದೊಂದು ಚಿತ್ರವನ್ನು ಕೆತ್ತಿದರು: ಹೊಸ್ತಿಲು, ಬಾಗಿಲು, ಅಂಗಳ, ದೂರ, ಭಾಷೆ, ಗಡಿ. ನೋಡುವ ನ್ಯೂಯಾರ್ಕಿನವರಲ್ಲಿ ಆ ಲಿಪಿಯನ್ನು ಓದಬಲ್ಲವರು ಎಷ್ಟು ಮಂದಿ? ಆದರೂ ಲಿಪಿ ಹಾಳೆಯಲ್ಲಿ ತನ್ನ ಸ್ಥಳವನ್ನು ಬಿಟ್ಟುಕೊಡುವುದಿಲ್ಲ. ಸುತ್ತಲಿನ ನಾಮಫಲಕಗಳಲ್ಲಿ ತಮ್ಮ ಅಕ್ಷರವನ್ನು ಹುಡುಕುತ್ತ ಶಾಲೆಗೆ ಬರುವ ಮಕ್ಕಳಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಎಲ್ಲವೂ ಸಮಾನವಾಗಿ ಶ್ರೇಷ್ಠವೆಂದು ನಾವು ಹೇಳಲಾರೆವು. ಆ 36ರಲ್ಲಿ ಕೆಲವು ಪದದ ಅರ್ಥವನ್ನು ಮರಳಿ ಹೇಳುವಷ್ಟಕ್ಕೇ ನಿಲ್ಲುತ್ತವೆ. ಕೊನೆಯ ವರ್ಷಗಳಲ್ಲಿ ಚಿನ್ನದ ರೇಕನ್ನು ಬಳಸಿದ ಕೃತಿಗಳು, 2010ರ 'ಕಣ್ಣು ಕುಕ್ಕುವ ಬೆಳಕು' ಮೊದಲಾದವು, ಸೂಫಿ ಭಾವದವೆಂದು ಹೊಗಳಿಸಿಕೊಂಡಿವೆ. ಆದರೆ ಕಪ್ಪು ಮಸಿಯ ಬಡತನದಲ್ಲಿದ್ದ ಬಿಗಿ ಅಲ್ಲಿ ಸಡಿಲಗೊಂಡಿದೆಯೆಂಬುದು ನಮ್ಮ ಅಭಿಪ್ರಾಯ.

'ಮನೆಯಿಂದ ಬಂದ ಪತ್ರಗಳು' (2004) ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೇಲಾದುದು. ಕರಾಚಿಯಲ್ಲಿದ್ದ ಅಕ್ಕ ರಾಣಿ, ತಂದೆತಾಯಿಗಳ ಮರಣ, ಮನೆಯ ಮಾರಾಟ ಮುಂತಾದವನ್ನು ಕುರಿತು ತಂಗಿಗೆ ಪತ್ರಗಳನ್ನು ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರು. ವರ್ಷಗಳ ಮೇಲೆ ಕೈಯಲ್ಲಿ ಕೊಟ್ಟರು. ಜರೀನಾ ಆ ಕೈಬರಹವನ್ನೇ ಅಚ್ಚಿಗೆ ತಂದು, ಅದರ ಮೇಲೆ ಮನೆಯ ನಕ್ಷೆ, ಊರಿನ ಬೀದಿಗಳನ್ನು ಕಪ್ಪಾಗಿ ಒತ್ತಿದ್ದಾರೆ. ಉರ್ದು ಬಾರದವರಿಗೆ ಅಕ್ಷರಗಳು ನೇಯ್ಗೆಯಂತೆ ಕಾಣುತ್ತವೆ. ಬಲ್ಲವರು ಓದಲು ಹೊರಟರೆ, ಸಾಲಿನ ನಡುವೆ ಗೋಡೆಯ ಗೆರೆಯೊಂದು ಅಡ್ಡ ಬರುತ್ತದೆ.